ಮಂಕರಿ ಸಿಂಹಾಸನದ ಕಾನೂನು

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಐದನೇ ಕ್ಲಾಸು. ಹೊಂಗನೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಯಾರ ಬಾಯಲ್ಲಿ ಕೇಳಿದರೂ ರೇಷ್ಮೆಯದೇ ಮಾತು. ರಾಗಿ ಹೊಲಗಳೆಲ್ಲ ಒಂದೊಂದಾಗಿ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿಬಂದ ದಿನ ಅಪ್ಪ ಮೈಸೂರು ಪಾಕು ತರುತ್ತಿದ್ದ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೇ ಮರ್ಯಾದೆ ಜಾಸ್ತಿ. ನಮಗೆ ಊಟ ತಡವಾದರೆ ಯಾರೂ ಕೇಳುತ್ತಿರಲಿಲ್ಲ. ಹುಳುಗಳಿಗೆ ಸೊಪ್ಪು ತಡವಾದರೆ ಮಾತ್ರ ಅಜ್ಜಿ ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದಳು.

ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಅಂಗಳದ ಗೋಡೆಗೆ ಒರಗಿಸಿ ಬಿಸಿಲಿಗೆ ಇಡುತ್ತಿದ್ದರು. ಅವುಗಳ ಹಿಂದೆ ನನ್ನದೂ ತಮ್ಮ ಶಿವುವಿನದೂ ಒಂದು ದೇಶವಿತ್ತು. ಹೆಸರು ಬಿಳಿಯಾನೆ ದೇಶ. ಅಲ್ಲಿ ರೇಷ್ಮೆಹುಳುಗಳೆಲ್ಲ ಬಿಳಿ ಆನೆಗಳು. ರಾಮನಗರದ ಬೆಟ್ಟದ ಬಂಡೆಗಳೆಲ್ಲ ಮಲಗಿದ ರಾಕ್ಷಸರು, ನಾವು ಕರೆದರೆ ಎದ್ದು ಬರುವವರು. ಸೊಪ್ಪು ತುಂಬುವ ಮಂಕರಿಯನ್ನು ಬೋರಲು ಹಾಕಿದರೆ ಅದೇ ಸಿಂಹಾಸನ. ದೊಡ್ಡವಳಾದ್ದರಿಂದ ನಾನೇ ರಾಣಿ. ನನ್ನ ದೇಶದಲ್ಲಿದ್ದದ್ದು ಒಂದೇ ಶಿಕ್ಷೆ, ತಲೆ ತೆಗೆಯುವುದು. ಪಾಪ, ಶಿವುವಿನ ತಲೆ ದಿನಕ್ಕೊಂದು ಸಲವಾದರೂ ಹೋಗುತ್ತಿತ್ತು.

ಆ ವರ್ಷ ನಮ್ಮ ಚಿಕ್ಕಪ್ಪನಿಗೆ ಸೋಲೂರಿನ ಕಡೆಯಿಂದ ಹೆಣ್ಣು ತಂದಿದ್ದರು. ಸಾವಿತ್ರಿ ಚಿಕ್ಕಮ್ಮ. ಮಾತು ಕಡಿಮೆ, ನಗು ಜಾಸ್ತಿ. ಅಂಗಳದಲ್ಲಿ ಕೂತು ಸೊಪ್ಪು ಹೆಚ್ಚುತ್ತಾ ನಮ್ಮ ದರ್ಬಾರನ್ನು ನೋಡುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು.

"ಅಲ್ಲ ಕಣವ್ವ ರಾಣಿ, ದಿನಾ ಅವನ ತಲೆ ತೆಗೀತೀಯಲ್ಲ, ಒಂದ್ಸಲನಾದ್ರೂ ಅವನ ಮಾತ ಕೇಳಿದ್ದೀಯಾ?"

"ರಾಣಿ ಯಾಕ್ ಕೇಳ್ಬೇಕು?" ಅಂದೆ ನಾನು.

"ಹಂಗಾರೆ ಅದು ದೇಶ ಅಲ್ಲ ಬುಡು. ಬರೀ ನಿನ್ನ ಕೋಪ."

ನನ್ನ ಮುಖ ಕೆಂಪಾಯಿತು. ಆದರೆ ಮಾತು ನಾಟಿತು. ಅವತ್ತಿನಿಂದ ನಮ್ಮ ದೇಶಕ್ಕೆ ಕಾನೂನುಗಳು ಬಂದವು. ರಾಕ್ಷಸರು ಮನೆಗಳ ಮೇಲೆ ಕೂರಬಾರದು. ಸ್ಕೂಲು ಬಿಡುವ ಹೊತ್ತಿಗೆ ಮಳೆ ಬರಬಾರದು. ಆನೆಗಳು ಊಟ ಮಾಡುವಾಗ ಯುದ್ಧ ಮಾಡಬಾರದು. ಇವು ನಮ್ಮವು. ಚಿಕ್ಕಮ್ಮ ಸೇರಿಸಿದ್ದು ಬೇರೆ ತರಹದವು. ದೂರು ಹೇಳಿದವರು ತೀರ್ಪು ಹೇಳುವ ಹಾಗಿಲ್ಲ. ತಪ್ಪು ಹೊತ್ತವರು ಎದ್ದು ನಿಂತು ಮಾತಾಡುವಾಗ ಮಂಕರಿ ಮೇಲಿರುವವರು ಬಾಯಿ ಮುಚ್ಚಿ ಕೇಳಬೇಕು. ಕಾನೂನು ರಾಣಿಗೂ ಒಂದೇ. ಈ ಕೊನೆಯದನ್ನು ಒಪ್ಪಲು ನಾನು ಬಹಳ ದಿನ ಜಗಳವಾಡಿದೆ.

ನಮ್ಮ ತಾತ ಸದಾ ಹೊಗೆಸೊಪ್ಪು ಜಗಿಯುವವನು. ಒಮ್ಮೆ ಚಂದ್ರಿಕೆಯ ಸಂದಿಯಲ್ಲಿ, ಅಂದರೆ ನಮ್ಮ ದೇಶದ ನಟ್ಟನಡುವೆ ಉಗಿದುಬಿಟ್ಟ. ಶಿವು ದೂರು ಕೊಟ್ಟ. ನಾನು ಕರೆಸಿದೆ. ಮನೆಯಲ್ಲಿ ತಾತನ ಮುಂದೆ ಅಪ್ಪ, ಚಿಕ್ಕಪ್ಪ ಕೂರುತ್ತಲೂ ಇರಲಿಲ್ಲ. ಅಂಥ ತಾತ ಟವೆಲನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ನಿಂತ.

"ತೆಪ್ಪಾಯ್ತು ಮಾರಾಣಿ. ಬಾಯಿ ತುಂಬಿತ್ತು, ನಿಮ್ಮ ದೇಸ ಕಣ್ಣಿಗೆ ಕಾಣ್ನಿಲ್ಲ."

ಬಸ್ಕಿ ಹೊಡೆಯಬೇಕೆಂದು ತೀರ್ಪು ಕೊಟ್ಟೆ. ಹೊಡೆದ. ಮಂಡಿ ಲಟಲಟ ಅಂತು. "ಮಕ್ಕಳ ಜೊತೆ ಸೇರ್ಕೊಂಡು ನೀನೂ ಮಗ ಆಗ್ಬುಟ್ಟೆ" ಎಂದು ಅಜ್ಜಿ ಒಳಗಿನಿಂದ ಬೈದಳು.

ಇದಾಗಿ ಸ್ವಲ್ಪ ದಿನಕ್ಕೆ, ಹುಳುಗಳು ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಗಬಗಬ ತಿನ್ನುತ್ತಿದ್ದ ಸಮಯದಲ್ಲಿ, ಪಕ್ಕದ ಊರಿನಲ್ಲಿ ನೆಂಟರ ಮದುವೆ ಬಂತು. ಬೆಳಿಗ್ಗೆ ಹುಳುಗಳಿಗೆ ಸೊಪ್ಪು ಹಾಕಿ ನಾವೆಲ್ಲ ಹೊರಟೆವು. ಚಿಕ್ಕಮ್ಮ ಮುಟ್ಟಾಗಿದ್ದರಿಂದ ಹಿಂದಿನ ಜಗಲಿಯಲ್ಲಿ ಉಳಿದಳು. ಆ ದಿನಗಳಲ್ಲಿ ಹೆಂಗಸರು ಹುಳದ ಮನೆಯ ಹೊಸಿಲು ದಾಟುವ ಹಾಗಿರಲಿಲ್ಲ. ಕಾಲು ನೋವೆಂದು ತಾತನೂ ಮನೆಯಲ್ಲೇ ಇದ್ದ.

ಸಾಯಂಕಾಲ ಬಂದು ನೋಡಿದರೆ, ಹುಳುವಿನ ತಟ್ಟೆಗಳನ್ನು ಜೋಡಿಸಿಟ್ಟ ಸ್ಟ್ಯಾಂಡುಗಳಲ್ಲಿ ಎರಡರ ಹುಳುಗಳು ತಲೆ ಎತ್ತಿ, ಹಸಿರು ನೀರು ಕಕ್ಕಿ, ಮುದುಡಿ ಬಿದ್ದಿದ್ದವು. ಅಜ್ಜಿ ಎದೆ ಬಡಿದುಕೊಂಡು ಕೂತಳು. ಆಗಲೇ ಪಕ್ಕದ ಮನೆಯವಳು ಗೋಡೆಯಾಚೆಯಿಂದ ಹೇಳಿದಳು, "ನಿಮ್ಮ ಚಿಕ್ಕ ಸೊಸೆ ಮಧ್ಯಾಹ್ನ ಉಳದ ಮನೆಯಿಂದ ಈಚೆಗೆ ಬಂದುದ್ದ ಕಂಡೆ ಕಣಕ್ಕ."

ಅಜ್ಜಿ ಎದ್ದಳು. ಚಿಕ್ಕಮ್ಮನನ್ನು ಅಂಗಳಕ್ಕೆ ಕರೆದು ನಿಲ್ಲಿಸಿದಳು.

"ಒಳಕ್ಕೋಗಿದ್ದೇನೇ?"

ಚಿಕ್ಕಮ್ಮ ಹೌದೆಂದು ತಲೆ ಅಲ್ಲಾಡಿಸಿದಳು. ಅಷ್ಟೇ ಸಾಕಾಯಿತು.

"ಮುಟ್ಟಾದೋಳು ಒಳಕ್ಕೋಗಿ ಉಳವ ಕೊಂದ್ಲು. ನಾಳೆ ಮೊದಲ್ನೇ ಬಸ್ಸಿಗೆ ಇವಳ ಅವರಪ್ಪನ ಮನೆಗೆ ಬುಟ್ಟು ಬಾ" ಎಂದು ಅಜ್ಜಿ ಚಿಕ್ಕಪ್ಪನಿಗೆ ಹೇಳಿದಳು.

ಹೀಗೆ ತವರಿಗೆ ಹೋದವರು ತಿರುಗಿ ಬರುವುದು ಕಷ್ಟ ಎಂದು ಮಕ್ಕಳಾದ ನಮಗೂ ಗೊತ್ತಿತ್ತು. ನಮ್ಮ ಬೀದಿಯಲ್ಲೇ ಒಬ್ಬರನ್ನು ಇಂಥದ್ದೇ ಮಾತಿಗೆ ಕಳಿಸಿದ್ದರು, ಅವರು ಮತ್ತೆ ಬರಲೇ ಇಲ್ಲ. ಚಿಕ್ಕಪ್ಪ ನೆಲ ನೋಡುತ್ತಿದ್ದ. ತಾತ ತನ್ನ ಕುರ್ಚಿಯಲ್ಲಿ ಹೊಗೆಸೊಪ್ಪು ಜಗಿಯುತ್ತಾ ಕೂತಿದ್ದ. ಎಲ್ಲಿತ್ತೋ ಧೈರ್ಯ, ಮುಂದೆ ಬಂದು ನಿಂತೆ.

"ಅಜ್ಜಿ ದೂರು ಯೋಳಿದ್ದು. ಅಜ್ಜಿನೇ ತೀರ್ಪು ಯೋಳಂಗಿಲ್ಲ. ಚಿಕ್ಕಮ್ಮನ ಮಾತ ಕೇಳ್ಬೇಕು. ಅದು ಕಾನೂನು."

ಅಪ್ಪ ಹೊಡೆಯಲು ಕೈ ಎತ್ತಿದ. ತಾತ ತಡೆದ.

"ಬುಡ್ಲಾ. ಆ ಕಾನೂನಿಗೆ ನಾನೂ ಬಸ್ಕಿ ಹೊಡ್ದಿವ್ನಿ."

ಯಾರಿಗೂ ನಗು ಬರಲಿಲ್ಲ. ತಾತ ಚಿಕ್ಕಮ್ಮನ ಕಡೆ ತಿರುಗಿದ. "ಯೋಳವ್ವ. ಯಾಕೆ ಒಳಕ್ಕೋದೆ?"

"ಸೊಪ್ಪು ತೆಗೆಯಾಕೆ ಮಾವ."

"ಯಾವ ಸೊಪ್ಪು?"

"ಮಧ್ಯಾಹ್ನ ಇಕ್ಕಿದ್ದ ಸೊಪ್ಪು. ಕಿಟಕಿ ತಾವ ನಿಂತು ನೋಡ್ದೆ, ಉಳ ತಲೆ ಎತ್ಕೊಂಡು ಒದ್ದಾಡ್ತಿದ್ವು. ಒಳಕ್ಕೋಗಿ ಸೊಪ್ಪು ಎತ್ತಿ ನೋಡಿದ್ರೆ..." ಚಿಕ್ಕಮ್ಮ ತಲೆ ತಗ್ಗಿಸಿದಳು. "ಹೊಗೆಸೊಪ್ಪಿನ ವಾಸ್ನೆ ಬತ್ತಿತ್ತು. ಎಲ್ಲಾ ತಟ್ಟೆಯಿಂದ್ಲೂ ತೆಗೆದಾಕ್ದೆ. ಕೊನೇ ಎರಡು ಸ್ಟ್ಯಾಂಡಿಗೆ ಬರೋ ಹೊತ್ಗೆ ತಡ ಆಗೋಗಿತ್ತು."

ಹೊಗೆಸೊಪ್ಪು ಮುಟ್ಟಿದ ಕೈ ಸೋಕಿದರೂ ಹುಳು ಉಳಿಯುವುದಿಲ್ಲವೆಂದು ನಮ್ಮ ಕಡೆ ಸಣ್ಣ ಮಗುವಿಗೂ ಗೊತ್ತು. ಮನೆಯಲ್ಲಿ ಹೊಗೆಸೊಪ್ಪು ಮುಟ್ಟುವವನು ಒಬ್ಬನೇ. ತಾತ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಕುರ್ಚಿಯ ಹಿಡಿ ಹಿಡಿದು ಮೆಲ್ಲಗೆ ಎದ್ದು, ಚಿಕ್ಕಮ್ಮನ ಪಕ್ಕಕ್ಕೆ ಹೋಗಿ ನಿಂತ. ನಮ್ಮ ದೇಶದಲ್ಲಿ ತಪ್ಪು ಹೊತ್ತವರು ನಿಲ್ಲುವ ಹಾಗೆ, ಟವೆಲನ್ನು ಕಂಕುಳಲ್ಲಿ ಇಟ್ಟುಕೊಂಡು.

"ಸೊಪ್ಪು ಇಕ್ಕಿದ್ದು ನಾನು" ಅಂದ. "ತಟ್ಟೆ ಖಾಲಿ ಆಗಿದ್ವು, ಪಾಪ ಹಸ್ಕೊಂಡವೆ ಅಂತ ಇಕ್ದೆ. ಕೈ ತೊಳೆಯೋದ ಮರೆತ್ಬುಟ್ಟೆ. ಈ ಹೆಣ್ಮಗ ಒಳಕ್ಕೋಗದೆ ಇದ್ದಿದ್ರೆ ಮಿಕ್ಕಿದ್ವೂ ಓಗ್ಬುಡ್ತಿದ್ವು." ಹಾಗೆಯೇ ಸೊಸೆಯ ಕಡೆ ತಿರುಗಿ, "ತೆಪ್ಪಾಯ್ತು ಕಣವ್ವ" ಅಂದ.

ಎಲ್ಲರ ಮುಂದೆ ಮಾವ ಸೊಸೆಗೆ ತಪ್ಪಾಯ್ತು ಅಂದದ್ದನ್ನು ನಮ್ಮ ಊರಿನಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತುಬಿಟ್ಟಳು. ತಾತ ನನ್ನನ್ನು ನೋಡಿದ. "ಏನ್ ಸಿಕ್ಸೆ ಮಾರಾಣಿ?" ಅಂದ. ನನಗೆ ಅಳು ಬಂತು. ಶಿಕ್ಷೆಯನ್ನು ತಾತನೇ ಕೊಟ್ಟುಕೊಂಡ. ಹೊಗೆಸೊಪ್ಪಿನ ಸಂಚಿಯನ್ನು ಊರಾಚೆಯ ತಿಪ್ಪೆಗೆ ಎಸೆದುಬಂದ, ಮತ್ತೆ ಅದನ್ನು ಮುಟ್ಟಲಿಲ್ಲ. ಆ ರಾತ್ರಿ ಅಜ್ಜಿಯೇ ತಟ್ಟೆಯಲ್ಲಿ ಮುದ್ದೆ ಸಾರು ಬಡಿಸಿಕೊಂಡು ಹಿಂದಿನ ಜಗಲಿಗೆ ಹೋಗಿ, ಚಿಕ್ಕಮ್ಮ ಉಂಡು ಮುಗಿಸುವವರೆಗೂ ಜೊತೆಯಲ್ಲಿ ಕೂತಿದ್ದಳು.

ಮಿಕ್ಕ ಹುಳುಗಳು ಚೆನ್ನಾಗಿ ಗೂಡು ಕಟ್ಟಿದವು. ಅದಕ್ಕೆ ಚಂದ್ರಿಕೆಗಳನ್ನೆಲ್ಲ ಒಳಗೆ ತೆಗೆದುಕೊಂಡು ಹೋದಾಗ ನಮ್ಮ ದೇಶ ಬಯಲಾಯಿತು. ಮುಂದೆ ನಾವೂ ದೊಡ್ಡವರಾದೆವು.

ಈಗ ನನ್ನ ಮನೆಗೂ ಸೊಸೆ ಬಂದಿದ್ದಾಳೆ. ಅವಳ ಮೇಲೆ ಸಿಟ್ಟು ಬರುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಬಂದಾಗ ಕುರ್ಚಿ ಹಿಡಿದು ಎದ್ದ ತಾತ ನೆನಪಾಗುತ್ತಾನೆ, ಮೊದಲು ಅವಳ ಮಾತು ಕೇಳುತ್ತೇನೆ. ಆಡುವ ಮಕ್ಕಳ ಕಾನೂನಿಗೆ ತಲೆಬಾಗಿದ ಆ ಹಿರಿಯನಿಗೆ ನಾನು ಎಷ್ಟು ಕೈ ಮುಗಿದರೂ ಕಡಿಮೆಯೇ.

ಚಿಕ್ಕಮ್ಮ ಇಂದಿಗೂ ಅದೇ ಮನೆಯಲ್ಲಿದ್ದಾಳೆ. ಮಾವನ ಮಾನ ಕಾಯಲೆಂದೇ ಅವಳು ಅವತ್ತು ಸುಮ್ಮನಿದ್ದಳು ಎಂದು ನಾನು ಇಷ್ಟು ವರ್ಷ ನಂಬಿಕೊಂಡು, ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದೆ. ಈಚೆಗೆ ಊರಿಗೆ ಹೋದಾಗ ಅವಳನ್ನೇ ಕೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ನಕ್ಕಳು.

"ಮಾನನೂ ಇಲ್ಲ, ಏನೂ ಇಲ್ಲ ಕಣವ್ವ. ಓಗಿದ್ದೇನೇ ಅಂದ್ರು, ಹೂಂ ಅಂದೆ. ಯಾಕೋದೆ ಅಂತ ಯಾರೂ ಕೇಳ್ನಿಲ್ಲ. ನೀನು ಕೇಳಿಸ್ದೆ, ನಾನು ಯೋಳ್ದೆ."