ತಲೆಕೆಳಗಾಗಿ ಕೂತ ಪ್ರೋಟೀನ್

ಬೊಬ್ರುವಾಡದಿಂದ ದಿನಾ ಬಸ್ಸಿನಲ್ಲಿ ಕಾರವಾರಕ್ಕೆ ಬರುತ್ತಿದ್ದ ಆ ವಿದ್ಯಾರ್ಥಿನಿಗೆ ಆಗ ಮೂವತ್ತಾರು ವರ್ಷ. ಮಗಳು ಹೈಸ್ಕೂಲು ಸೇರಿದ ಮೇಲೆ ತಾವೂ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೇರಿದವರು. ತರಗತಿಗೆಲ್ಲ ಅವರು ಅಕ್ಕ. ಅವರ ಪ್ರಾಜೆಕ್ಟಿಗೆ ನಾನು ಮಾರ್ಗದರ್ಶಕ.

ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಜೀವಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ. ಕೆಲವು ಪ್ರೋಟೀನುಗಳು ಅದರಲ್ಲಿ ಹುದುಗಿಕೊಂಡಿರುತ್ತವೆ, ಒಂದು ತುದಿ ಕೋಶದ ಒಳಗೆ, ಇನ್ನೊಂದು ಹೊರಗೆ. ಅಂಥದೊಂದನ್ನು ಪೊರೆಯಲ್ಲಿ ಕೂರಿಸಿ, ಎರಡೂ ಬದಿಗೆ ನೀರು ತುಂಬಿ, ಹೊರಗಿನಿಂದ ಔಷಧದ ಅಣುವೊಂದನ್ನು ಬಿಟ್ಟು ಅದು ಅಂಟುತ್ತದೋ ಇಲ್ಲವೋ ನೋಡಬೇಕಿತ್ತು. ಕೂರಿಸುವ ಮೊದಲ ಹೆಜ್ಜೆ ಕಷ್ಟದ್ದೆಂದು ನಾನೇ ಮಾಡಿಕೊಟ್ಟಿದ್ದೆ. ಮೂರು ತಿಂಗಳು ಲೆಕ್ಕ ಓಡಿತು. ಅಣು ಅಂಟಲೇ ಇಲ್ಲ.

ವರದಿ ಒಪ್ಪಿಸಲು ಹತ್ತು ದಿನ ಉಳಿದಿದ್ದಾಗ, ಮಧ್ಯಾಹ್ನ ನೋಟ್‌ಬುಕ್ಕು ಹಿಡಿದು ಬಂದರು.

"ಸರ್, ಬೈಬೇಡಿ. ಇದು ತಲೆಕೆಳಗಾಗಿ ಕೂತದೆ ಅನಿಸ್ತದೆ ನಂಗೆ."

"ಯಾಕೆ?"

"ಪಾಸಿಟಿವ್ ಚಾರ್ಜಿನ ಅಮೈನೋ ಆಮ್ಲ ಹೆಚ್ಚಾಗಿ ಒಳಬದಿಗೆ ಇರೂದಲ್ರಾ? ಒಂದೊಂದೇ ಎಣಿಸ್ದೆ. ಎಲ್ಲಾ ಹೊರಗೇ ಅವೆ."

"ಅದನ್ನೆಲ್ಲ ಸಾಫ್ಟ್‌ವೇರೇ ನೋಡಿಕೊಳ್ತದೆ. ನೀವು ಬರೆದು ಮುಗಿಸಿ."

"ಅಡ್ಡಿಲ್ಲ ಸರ್," ಎಂದು ಹೋದರು.

ಅವರು ಹೋದ ಕೂಡಲೇ ಲ್ಯಾಬಿನ ಕಂಪ್ಯೂಟರಿನಲ್ಲಿ ಆ ಫೈಲು ತೆರೆದೆ. ಐದು ನಿಮಿಷ ಸಾಕಾಯಿತು. ಅವರು ಹೇಳಿದ್ದೇ ಸರಿ. ಅಣುವನ್ನು ನಾವು ಬಿಟ್ಟದ್ದು ಪ್ರೋಟೀನಿನ ತಪ್ಪು ತುದಿಗೆ. ಆಗಲೇ ಫೋನು ಮಾಡಿ ಹೇಳಬಹುದಿತ್ತು. ಆದರೆ ಅದೇ ಚಿತ್ರವನ್ನು ವಿಭಾಗದ ಸೆಮಿನಾರಿನಲ್ಲಿ ತೋರಿಸಿ, ಪ್ರೋಟೀನನ್ನು ಎಷ್ಟು ಜಾಗರೂಕತೆಯಿಂದ ಕೂರಿಸಬೇಕೆಂದು ನಾನು ಭಾಷಣ ಬಿಗಿದಿದ್ದೆ. ಯಾರು ಅಷ್ಟು ಸೂಕ್ಷ್ಮ ನೋಡುತ್ತಾರೆ ಎಂದುಕೊಂಡು ಫೈಲು ಮುಚ್ಚಿದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನೋಡಿದರು. ಎರಡನೇ ಚಿತ್ರಕ್ಕೇ ಬೆರಳಿಟ್ಟು, "ಇದರಲ್ಲಿ ಕೋಶದ ಒಳಬದಿ ಯಾವುದಮ್ಮ?" ಎಂದರು.

ಆಕೆ ನನ್ನ ಕಡೆ ತಿರುಗಿದರು. ನಾನು ಅಂಕಪಟ್ಟಿಯ ಹಾಳೆಗಳನ್ನು ಜೋಡಿಸುತ್ತಿದ್ದೆ. ಜೋಡಿಸಲು ಇದ್ದದ್ದು ಎರಡೇ ಹಾಳೆ.

"ತಪ್ಪಾಗಿ ಕೂತದೆ ಸರ್."

"ಕೂರಿಸಿದ್ದು ಯಾರು?"

"ನನ್ನ ಪ್ರಾಜೆಕ್ಟು ಸರ್," ಎಂದಷ್ಟೇ ಹೇಳಿದರು. ಸುಳ್ಳನ್ನೂ ಹೇಳಲಿಲ್ಲ, ನನ್ನ ಹೆಸರನ್ನೂ ಹೇಳಲಿಲ್ಲ.

ಪ್ರಾಜೆಕ್ಟಿನ ಅಂಕ ಇಳಿದು ಪ್ರಥಮ ದರ್ಜೆ ಸ್ವಲ್ಪದರಲ್ಲಿ ತಪ್ಪಿತು. ಗೋವಾದ ಪ್ರಯೋಗಾಲಯವೊಂದರಲ್ಲಿ ಅವರು ಆಸೆಪಟ್ಟಿದ್ದ ಕೆಲಸಕ್ಕೆ ಅದು ಬೇಕೇಬೇಕಿತ್ತು. ರಜೆಯಲ್ಲಿ ನಾನೊಬ್ಬನೇ ಪ್ರೋಟೀನನ್ನು ತಿರುಗಿಸಿ ಕೂರಿಸಿ ಲೆಕ್ಕ ಓಡಿಸಿದೆ. ನಾಲ್ಕನೇ ದಿನ ಅಣು ಹೋಗಿ ಅಂಟಿಕೊಂಡಿತು. ಅಲ್ಲಿಯವರೆಗೆ ಮರೆಯಬಹುದೆಂದುಕೊಂಡಿದ್ದೆ, ಆಮೇಲೆ ಆಗಲಿಲ್ಲ.

ಬೊಬ್ರುವಾಡದ ಅವರ ಮನೆಗೆ ಹೋದಾಗ ಅವರೂ ಅವರ ಅತ್ತೆಯೂ ಅಂಗಳದಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಗಲು ಹರವುತ್ತಿದ್ದರು. ಅತ್ತೆ ಕುಡಿಯಲು ತರಲು ಒಳಗೆ ಹೋದರು. ನಾನು ನಿಂತೇ ಹೇಳಿದೆ: "ನೀವು ಬಂದು ಹೇಳಿದ ದಿನವೇ ನನಗೆ ಗೊತ್ತಾಗಿತ್ತು. ತೆಗೆದು ನೋಡಿದ್ದೆ."

"ನೋಡೀರಿ ಹೇಳಿ ನಂಗೂ ಗೊತ್ತಿತ್ತು ಸರ್. ಫೈಲು ಕಡೇ ಸಲ ತೆಗೆದದ್ದು ಯಾವಾಗ ಹೇಳಿ ಕಂಪ್ಯೂಟರಲ್ಲೇ ತೋರಿಸ್ತದಲ್ರಾ." ಕೈಗಂಟಿದ ಕೆಂಪನ್ನು ಸೆರಗಿಗೆ ಒರೆಸಿಕೊಂಡರು. "ಆ ಪರೀಕ್ಷಕ್ರ ಎದುರಿಗೆ ನೀವು ಹೇಳ್ತೀರಿ ಅಂದ್ಕಂಡಿದ್ದೆ."

ತಪ್ಪು ನನ್ನದೆಂದು ವಿಶ್ವವಿದ್ಯಾಲಯಕ್ಕೂ ಪರೀಕ್ಷಕರಿಗೂ ಬರೆದೆ. ಪ್ರಾಜೆಕ್ಟಿಗೆ ಮರುಮೌಲ್ಯಮಾಪನ ಇಲ್ಲವೆಂಬ ಉತ್ತರ ಬಂತು. ಹೊಸ ಫಲಿತಾಂಶವನ್ನು ಅವರ ಹೆಸರು ಮೊದಲಿಟ್ಟು ಲೇಖನವಾಗಿಸಿದೆ. ಕರಡು ಓದಿ ಅವರು ಒಂದು ವಾಕ್ಯದ ಕೆಳಗೆ ಗೆರೆ ಎಳೆದರು. ‘ಮೊದಲ ಲೆಕ್ಕದಲ್ಲಿ ಪ್ರೋಟೀನು ತಲೆಕೆಳಗಾಗಿ ಕೂರಿಸಲ್ಪಟ್ಟಿತ್ತು’ ಎಂದು ನಾನು ಬರೆದಿದ್ದೆ.

"ಯಾರು ಕೂರಿಸಿದ್ದು ಹೇಳಿ ಇಲ್ವಲ್ಲ ಸರ್?"

ಅಲ್ಲೇ ತಿದ್ದಿದೆ.

ಈಗ ಅವರು ಅಂಕೋಲೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ಸಿಕ್ಕಾಗ ಮಗಳ ವಿಷಯ ಹೇಳುತ್ತಾರೆ, ಮನೆಗೆ ಕರೆಯುತ್ತಾರೆ. ಕೆಮಿಸ್ಟ್ರಿಯ ಸಂಶಯ ಮಾತ್ರ ನನ್ನಲ್ಲಿ ಕೇಳುವುದಿಲ್ಲ.