ಮೇಣ ಬೆವರುವ ಹೊತ್ತಿಗೆ

ಬೆಳಗಿನ ಐದೂವರೆ. ಭದ್ರಾವತಿಯ ಹಳೇನಗರದಲ್ಲಿ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಹಿತ್ತಿಲ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿ ಕೂತ ಹುಚ್ಚಮ್ಮ, ಗ್ರಾಮಫೋನಿನ ಹಾಡಿನ ಪ್ಲೇಟೊಂದನ್ನು ಅಂಚಿನಲ್ಲಷ್ಟೇ ಹಿಡಿದು ಬೇಸಿನ್ನಿನ ನೀರಿಗೆ ಇಳಿಸುತ್ತಾರೆ. ಗೆರೆ ಹೋದ ದಿಕ್ಕಿನಲ್ಲೇ ಶೇವಿಂಗ್ ಬ್ರಷ್ಷಿನ ತುದಿ ಸುತ್ತುತ್ತದೆ. ನೋಡುತ್ತಿದ್ದಂತೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ.

"ಬಸ್ಸು ಶುರುವಾದ್ರೆ ಧೂಳು ಏಳತ್ತೆ. ತೊಳ್ದಿದ್ದೆಲ್ಲ ಮತ್ತೆ ಮೆತ್ಕೊಳತ್ತೆ. ಅದಕ್ಕೇ ಈ ಹೊತ್ತು" ಎನ್ನುತ್ತಾರೆ, ತಲೆ ಎತ್ತದೆ.

ಮಳೆನೀರು ನುಗ್ಗಿ ಕೆಟ್ಟ ಹಳೆಯ ಪ್ಲೇಟುಗಳನ್ನು ಮತ್ತೆ ಹಾಡಿಸುವುದು ಐವತ್ತೆಂಟರ ಹುಚ್ಚಮ್ಮನ ಕೆಲಸ. ಒದ್ದೆಯಾದ ಪ್ಲೇಯರು, ಆಂಪ್ಲಿಫೈಯರು ಬಂದರೆ ಅದು ಗಂಡ ಮಾರಪ್ಪನ ಪಾಲು. ಮನೆ ಮುಂದೆ ಬೋರ್ಡಿಲ್ಲ. ಆದರೂ ಶಿವಮೊಗ್ಗದಿಂದ, ಶಂಕರಘಟ್ಟದಿಂದ ಜನ ಚೀಲ ಹಿಡಿದು ಹುಡುಕಿಕೊಂಡು ಬರುತ್ತಾರೆ.

ಇವತ್ತು ಮಾತ್ರ ಹುಚ್ಚಮ್ಮನ ಕಣ್ಣು ಗಳಿಗೆಗೊಮ್ಮೆ ಆಕಾಶದ ಕಡೆ. ನಾಲ್ಕು ದಿನದಿಂದ ಬಿಸಿಲಿಲ್ಲ. ಒಳಗೆ ಸೊಟ್ಟಗಾದ ಒಂದು ಸಣ್ಣ ಪ್ಲೇಟು ಬಿಸಿಲಿಗಾಗಿ ಕಾಯುತ್ತಿದೆ.

ಅದು ಶಿವಮೊಗ್ಗದ ಹೊಸಮನೆಯ ಜಲಜಮ್ಮನವರದು. ಅವರಿಗೀಗ ಎಪ್ಪತ್ತಮೂರು. ಹರೆಯದಲ್ಲಿ ಕೇರಿಯ ಏಳು ಹೆಂಗಸರು ಸೇರಿ ಹಾಡಿದ ಅರಿಶಿನದ ಹಾಡನ್ನು ಯಾರೋ ಆಸೆಪಟ್ಟು ಪ್ಲೇಟು ಮಾಡಿಸಿದ್ದರು. ಉಳಿದಿರುವುದು ಇದೊಂದೇ. ಏಳು ಜನರಲ್ಲಿ ಉಳಿದವರೂ ಜಲಜಮ್ಮ ಒಬ್ಬರೇ. ಆ ಮನೆಯಲ್ಲಿ ಯಾವ ಹೆಣ್ಣಿಗೆ ಅರಿಶಿನ ಹಚ್ಚಿದರೂ ಮೊದಲು ಈ ಪ್ಲೇಟು ಸುತ್ತಬೇಕು. ನಾಡಿದ್ದು ಮೊಮ್ಮಗಳು ದಿವ್ಯಶ್ರೀಯ ಅರಿಶಿನ. ಹೋದ ವಾರದ ಮಳೆಗೆ ಕೆಳಗಿನ ಕೋಣೆಗೆ ಚರಂಡಿ ನೀರು ನುಗ್ಗಿ, ಪ್ಲೇಟಿದ್ದ ಪೆಟ್ಟಿಗೆ ಮುಳುಗಿತು. ಮರುದಿನ ಒಳ್ಳೆ ಬಿಸಿಲು. ಜಲಜಮ್ಮ ಎಲ್ಲವನ್ನೂ ತಾರಸಿಯ ಮೇಲೆ ಹಪ್ಪಳದ ಹಾಗೆ ಹರವಿಬಿಟ್ಟರು.

"ಹಪ್ಪಳದ ಹಾಗೇ ಎದ್ದವು!" ಹುಚ್ಚಮ್ಮ ನಗುತ್ತಾರೆ. "ಎಲ್ಲರೂ ಮಾಡೋ ತಪ್ಪೇ. ಒದ್ದೆ ಅಂದ್ರೆ ಬಿಸಿಲು ಅಂತಾರೆ. ಕೆಸರು ಒಣಗಿದ್ರೆ ಗೆರೆಯಲ್ಲಿ ಕಲ್ಲಾಗಿ ಕೂರತ್ತೆ. ಒದ್ದೆ ಇದ್ದ ಹಾಗೇ ತನ್ನಿ ಅಂದ್ರೆ ಯಾರೂ ನಂಬಲ್ಲ."

ಮಾರಪ್ಪ ಯಾರನ್ನೇ ಆಗಲಿ ಮೊದಲು ಕೇಳುವುದು, "ಸ್ವಿಚ್ ಹಾಕಿ ನೋಡಿದ್ರಾ?" ಹಾಕಿದ್ದರೆ ಒಳಗೆ ಸುಟ್ಟಿರುತ್ತದೆ. ಜಲಜಮ್ಮನ ಪ್ಲೇಯರು ಬಚಾವಾಗಿದೆ. "ಹಾಕೋಣ ಅಂದ್ರೆ ಅವತ್ತಿಡೀ ಕರೆಂಟೇ ಇರ್ಲಿಲ್ಲ" ಎಂದು ಅವರು ಒಪ್ಪಿಕೊಂಡಿದ್ದರು. "ಕರೆಂಟ್ ಹೋಗಿದ್ದಕ್ಕೆ ಕೈ ಮುಗೀರಿ ಅಮ್ಮಾ" ಎಂದಿದ್ದರು ಮಾರಪ್ಪ.

ಹುಚ್ಚಮ್ಮ ಮಾಚೇನಹಳ್ಳಿ ಕಡೆಯ ಕೂಲಿ ಮನೆಯ ಮಗಳು. ಮದುವೆಯಾಗಿ ಬಂದಾಗ ಮಾರಪ್ಪನದು ಮೈಕ್‌ಸೆಟ್ ಅಂಗಡಿ. ಮದುವೆ, ನಾಮಕರಣಕ್ಕೆಲ್ಲ ಅವರದೇ ಪ್ಲೇಟು. ಒಂದು ಮಳೆಗಾಲ ಹೊಳೆ ಏರಿ ಅಂಗಡಿ ಮುಳುಗಿತು. ಎಸೆಯಲು ಮನಸ್ಸಾಗದೆ ಹುಚ್ಚಮ್ಮ ಒಂದೊಂದನ್ನೇ ತೊಳೆಯಲು ಕೂತರು. ಬೇಗ ಒಣಗಲಿ ಎಂದು ಬಡಗಿಯ ಹತ್ತಿರ ಸ್ಪಿರಿಟ್ ತಂದು ಒರೆಸಿದರು. ಹಳೇ ಕಾಲದ ದಪ್ಪ ಪ್ಲೇಟುಗಳು ಬಟ್ಟೆಗೆ ಅಂಟಾಗಿ ಬಂದವು.

"ಅವು ಅರಗಿನವು. ಬಡಗಿ ಪಾಲಿಶ್‌ಗೆ ಅರಗು ಕರಗ್ಸೋದೇ ಸ್ಪಿರಿಟ್‌ನಲ್ಲಿ ಅಂತ ನಂಗೇನು ಗೊತ್ತು? ಹನ್ನೊಂದು ಪ್ಲೇಟನ್ನ ಕೈಯಾರೆ ಹಾಳು ಮಾಡ್ದೆ." ಅದರಲ್ಲೊಂದು ಇವತ್ತಿಗೂ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಕೆಲಸಕ್ಕೆ ಕೂರುವ ಮೊದಲು ಅದನ್ನೊಮ್ಮೆ ನೋಡುತ್ತಾರಂತೆ.

ಅಂಗಡಿ ಮತ್ತೆ ಏಳಲಿಲ್ಲ. ಕಲಿತದ್ದು ಉಳಿಯಿತು. ದಿನಕ್ಕೆ ಎಂಟು ಪ್ಲೇಟು, ಕೆಸರು ಕಡಿಮೆಯಿದ್ದರೆ ಹನ್ನೆರಡು. ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಹಾಗಾಗಿ ಕೊನೆಯಲ್ಲಿ ಜಾಲಿಸಲು ಕ್ಯಾನಿನ ಕುಡಿಯುವ ನೀರು. ಒಣಗುವುದು ನೆರಳಲ್ಲಿ, ಅಡುಗೆಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ.

"ನನ್ನ ಬ್ರಷ್ ಎಲ್ಲ ಇವಳ ಪ್ಲೇಟಿಗೆ ಹೋದ್ವು. ಅದಕ್ಕೇ ಗಡ್ಡ ಬಿಟ್ಟೆ" ಎನ್ನುತ್ತಾರೆ ಮಾರಪ್ಪ.

"ಸೋಮಾರಿತನಕ್ಕೆ ನನ್ನ ಹೆಸರು ಹೇಳ್ಬೇಡಿ" ಎನ್ನುತ್ತಾರೆ ಹೆಂಡತಿ.

ಹನ್ನೊಂದು ಗಂಟೆಗೆ ಮೋಡ ಸರಿದು ಬಿಸಿಲು ಬೀಳುತ್ತದೆ. ಹುಚ್ಚಮ್ಮ ಮಾತು ನಿಲ್ಲಿಸಿ ಏಳುತ್ತಾರೆ. ಸೊಟ್ಟ ಪ್ಲೇಟನ್ನು ಎರಡು ದಪ್ಪ ಗಾಜಿನ ನಡುವೆ ಇಟ್ಟು, ನಾಲ್ಕು ಮೂಲೆಗೂ ಇಟ್ಟಿಗೆ ಹೇರಿ ಅಂಗಳದಲ್ಲಿ ಇಡುತ್ತಾರೆ. ಗಾಜಿನ ಮೇಲೆ ಮೇಣದಬತ್ತಿಯ ಒಂದು ಚೂರು. ಸೊಟ್ಟ ಮಾಡಿದ ಬಿಸಿಲೇ ನೆಟ್ಟಗೂ ಮಾಡಬೇಕು, ಆದರೆ ಹದ ಮೀರಬಾರದು. "ಮೇಣ ಬೆವರಿದ ಕೂಡ್ಲೇ ಭಾರದ ಸಮೇತ ನೆರಳಿಗೆ ತರ್ಬೇಕು. ಮೇಣ ಕರಗಿತು ಅಂದ್ರೆ ಗೆರೆಯೂ ಹೋಯ್ತು, ಹಾಡೂ ಹೋಯ್ತು."

ಅಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅಷ್ಟರಲ್ಲಿ ಜಲಜಮ್ಮ ಆಟೊ ಇಳಿದು ಬರುತ್ತಾರೆ.

"ಆಗತ್ತಾ ಮಾರಾಯ್ತಿ?"

"ಗೊತ್ತಿಲ್ಲ ಜಲಜಕ್ಕ. ಆಗ್ದಿದ್ರೆ ಬೈಬೇಡಿ."

ಮೇಣದ ಮೈ ಮಿನುಗುತ್ತದೆ. "ಹಿಡೀರಿ!" ಎಂದು ಹುಚ್ಚಮ್ಮ ಕೂಗಿದ್ದೇ ತಡ, ಗಂಡ ಹೆಂಡತಿ ಇಬ್ಬರೂ ಗಾಜು ಅಲುಗದಂತೆ ಎತ್ತಿ ಒಳಗೆ ತರುತ್ತಾರೆ. ಇನ್ನು ಪೂರಾ ತಣಿಯುವವರೆಗೆ ಮುಟ್ಟುವಂತಿಲ್ಲ. ಯಾರಿಗೂ ಊಟ ಸೇರುವುದಿಲ್ಲ.

ಮೂರು ಗಂಟೆಗೆ ಗಾಜು ತೆಗೆದರೆ ಪ್ಲೇಟು ನೆಟ್ಟಗೆ ಮಲಗಿದೆ. ಮಾರಪ್ಪ ಪ್ಲೇಯರಿಗೆ ಸ್ವಿಚ್ ಹಾಕುತ್ತಾರೆ. ಮೊದಲು ಬರೀ ಸರಸರ, ಆಮೇಲೆ ಏಳು ದನಿ ಒಟ್ಟಿಗೆ. ಜಲಜಮ್ಮ ಗೋಡೆಗೆ ಒರಗುತ್ತಾರೆ. "ಫೋನಲ್ಲೂ ರೆಕಾರ್ಡ್ ಮಾಡ್ಕೊಳ್ಳಿ, ಇನ್ನೊಂದ್ಸಲ ನೀರು ನುಗ್ಗೋವರೆಗೂ ಕಾಯ್ಬೇಡಿ" ಎಂದು ಹುಚ್ಚಮ್ಮ ಹೇಳುತ್ತಿರುವಾಗಲೇ ಎರಡನೆಯ ಚರಣದಲ್ಲಿ 'ಠಣ್' ಎಂದು ಒಂದು ಸದ್ದು. ಹುಚ್ಚಮ್ಮನ ಹುಬ್ಬು ಗಂಟಾಗುತ್ತದೆ. ಮುಳ್ಳು ಎತ್ತಲು ಕೈ ಚಾಚುತ್ತಾರೆ. "ಕೊಳೆ ಉಳಿದಿದೆ, ಇನ್ನೊಂದ್ಸಲ ತೊಳೀತೀನಿ."

ಜಲಜಮ್ಮ ಆ ಕೈ ಹಿಡಿದುಕೊಳ್ಳುತ್ತಾರೆ. "ಮುಟ್ಬೇಡ ಮಾರಾಯ್ತಿ! ಅದು ನಮ್ಮ ಜೊತೆ ಹಾಡಿದ ಪುಷ್ಪನ ಬಳೆ. ತಾಳ ಹಾಕೋವಾಗ ತಂಬಿಗೆಗೆ ತಾಗಿತ್ತು. ಆಮೇಲೆ ಅವಳಿಗೆ ಎಷ್ಟು ಬೈದಿದ್ವಿ ಗೊತ್ತಾ!" ಅಳುವೂ ನಗುವೂ ಒಟ್ಟಿಗೇ ಬರುತ್ತದೆ ಅವರಿಗೆ.

"ಸದ್ಯ, ತೊಳ್ದು ಹಾಕ್ಲಿಲ್ಲ" ಎಂದು ಹುಚ್ಚಮ್ಮ ಅಲ್ಲೇ ಕೂತುಬಿಡುತ್ತಾರೆ.

ಹೊರಡುವಾಗ ಜಲಜಮ್ಮ ಅರಿಶಿನಕ್ಕೆ ಗಂಡ ಹೆಂಡತಿ ಇಬ್ಬರನ್ನೂ ಕರೆಯುತ್ತಾರೆ, ಏನು ಬೇಕು ಕೇಳು ಎನ್ನುತ್ತಾರೆ. ಹುಚ್ಚಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಸ್ಪೀಕರ್ ಹತ್ರ ಒಂದು ಕುರ್ಚಿ ಹಾಕ್ಸಿ ಸಾಕು. ಇಷ್ಟು ವರ್ಷ ನಾನು ಪ್ಲೇಟಲ್ಲಿ ಕೇಳಿದ್ದೆಲ್ಲ ಬರೀ ಕೊಳೆ. ಒಂದ್ಸಲ ಸುಮ್ನೆ ಕೂತು ಹಾಡು ಕೇಳ್ತೀನಿ."