ಬಿಸಿಲಿಗಿಟ್ಟ ಸೆಲ್ಲುಗಳು

ಎಪ್ಪತ್ತರ ದಶಕದ ಒಂದು ಬೇಸಿಗೆ. ಬಿಜಾಪುರದ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಹತ್ತನೇ ಇಯತ್ತೆ ಮುಗಿಸಿ ಆಲಮೇಲದ ಮನೆಗೆ ಬಂದಿದ್ದೆ. ಕಾಲೇಜಿನ ಮಾತೆತ್ತಿದರೆ ಅಪ್ಪನದು ಒಂದೇ ಉತ್ತರ: "ಇಷ್ಟ ಕಲ್ತದ್ದ ಸಾಕವ್ವಾ. ಇನ್ನ ರೊಟ್ಟಿ ಬಡಿಯೂದು ಕಲಿ."

ಅಪ್ಪನ ಮನಸ್ಸು ತಿರುಗಿಸುವ ಶಕ್ತಿ ನಮ್ಮ ಮನೆಯಲ್ಲಿ ರೇಡಿಯೋಕ್ಕೆ ಮಾತ್ರ ಇತ್ತು. ಅದು ಹೇಳಿದ್ದೇ ಫೈನಲ್. ಒಣ ಹವೆ ಎಂದು ವಾರ್ತೆಯಲ್ಲಿ ಬಂದ ದಿನ ತೊಯ್ದು ತೊಪ್ಪೆಯಾಗಿ ಹೊಲದಿಂದ ಬಂದವರು, ಟೋಪಿ ಹಿಂಡುತ್ತ, "ಇದೇನ ಮಳಿ ಅಲ್ಲ. ರೇಡಿಯೋದಾಗ ಇಲ್ಲಂತ ಹೇಳ್ಯಾರ" ಅಂದಿದ್ದರು.

ಅವರ ತಾಯಿ, ನಮ್ಮ ಆಯಿ, ವಾರ್ತೆ ಶುರುವಾದೊಡನೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಓದುವವಳು ಹೆಣ್ಣಾದರೂ ಅಷ್ಟೇ. "ದಿಲ್ಲಿಯಿಂದ ಮಾತಾಡಾಕತ್ತಾಳ. ಮರ್ಯಾದಿ ಬ್ಯಾಡೇನು?"

ಒಂದು ಮಧ್ಯಾಹ್ನ ಅಪ್ಪ ಹೊಲದಲ್ಲಿದ್ದರು. ನಾನು ರೇಡಿಯೋ ಇದ್ದ ಗೂಡಿನ ಪಕ್ಕದ ಬಾಗಿಲ ಹಿಂದೆ ನಿಂತು, ಬಾಯಿಗೆ ತಂಬಿಗೆ ಹಿಡಿದು, ನನ್ನ ಎಲೊಕ್ಯೂಷನ್ ಪ್ರೈಜಿನ ಕಂಠದಲ್ಲಿ ವಾರ್ತೆ ಓದಿದೆ. ಹತ್ತನೇ ಇಯತ್ತೆ ಪಾಸಾದ ಹೆಣ್ಣುಮಕ್ಕಳನ್ನು ತಪ್ಪದೆ ಕಾಲೇಜಿಗೆ ಕಳಿಸಬೇಕು ಎಂದು. ಸಂದಿಯಿಂದ ನೋಡಿದರೆ ಆಯಿ ಸೆರಗು ಹೊದ್ದು, ಕೈಕಟ್ಟಿ ಕೇಳುತ್ತಿದ್ದಳು. ಕಣ್ಣು ಮಂಜಾದ ಮುದುಕಿಗೆ ಮೋಸ ಮಾಡಿದೆನಲ್ಲ ಎಂದು ಗಿಲ್ಟ್ ಕೂಡ ಆಯಿತು.

ಸಂಜೆ ಅಪ್ಪ ಕೈಕಾಲು ತೊಳೆಯುವಾಗಲೇ ಆಯಿ ಸುದ್ದಿ ಮುಟ್ಟಿಸಿದಳು.

"ಖರೇನ ರೇಡಿಯೋದಾಗ ಹೇಳಿದ್ರೇನವ್ವಾ?"

"ಸೆರಗ ಹೊತ್ತು ಕೂತು ಕೇಳೇನೆಪಾ."

ಅಪ್ಪ ಬಹಳ ಹೊತ್ತು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಕೊನೆಗೆ, "ಹಂಗಾರ ಕಳಸೂಣು. ಹಾಸ್ಟೆಲ್ ಕೇಳಿ ಬರ್ತೇನಿ" ಅಂದರು.

ಮರುದಿನ ಸಂಡಿಗೆ ತೆಗೆಯಲು ಮಾಳಿಗೆ ಹತ್ತಿದೆ. ಸಂಡಿಗೆಯ ಪಕ್ಕದಲ್ಲಿ ಆಯಿ ರೇಡಿಯೋದ ಮೂರು ಸೆಲ್ಲುಗಳನ್ನು ಬಿಸಿಲಿಗೆ ಹೊರಳಿಸಿ ಇಡುತ್ತಿದ್ದಳು. ಶಕ್ತಿ ಕುಂದಿದ ಸೆಲ್ಲನ್ನು ಕಾಯಿಸಿದರೆ ಇನ್ನೆರಡು ದಿನ ಬರುತ್ತದೆಂದು ಆಗ ಎಲ್ಲರ ಮನೆಯಲ್ಲೂ ಹಾಗೆ ಮಾಡುತ್ತಿದ್ದರು.

"ಆಯಿ, ನಿನ್ನೀನೂ ಇಟ್ಟಿದ್ದೇನು?"

"ಮುಂಜಾನಿಂದ ಸಂಜೀತನಾ ಇಲ್ಲೇ ಇದ್ದವು."

ಅಂದರೆ ನಾನು ವಾರ್ತೆ ಓದಿದಾಗ ರೇಡಿಯೋದಲ್ಲಿ ಸೆಲ್ಲೇ ಇರಲಿಲ್ಲ. ಆಯಿ ತಲೆ ಎತ್ತಲಿಲ್ಲ.

"ನಾ ಕಳಸಂದ್ರ ನಿಮ್ಮಪ್ಪ ಕೇಳ್ತಿದ್ದನೇನು? ನಾ ಏನು ದಿಲ್ಲ್ಯಾಗ ಇದ್ದೇನೇನು?"

"ಮತ್ತ ನನಗ ಯಾಕ ಸೆರಗ ಹೊತ್ತಿ?"

"ಚಂದ ಓದಿದ್ದಿ. ಆದ್ರ ಭಾಳ ಗಡಿಬಿಡಿ ಮಾಡ್ತಿ. ಆ ದಿಲ್ಲಿಯಾಕಿ ನಿಧಾನ ಓದ್ತಾಳ ನೋಡು."

ಜೂನಿನಲ್ಲಿ ಅಪ್ಪ ಟ್ರಂಕು ಹೊತ್ತು ಸಿಂದಗಿ ಬಸ್ಸಿಗೆ ಹತ್ತಿಸಿದರು. ಮುಂದೆ ನಾನು ಟೀಚರಾದೆ. ಮೊದಲ ದಿನ ಕ್ಲಾಸಿನಲ್ಲಿ ಪುಸ್ತಕ ತೆರೆದಾಗ, ಎದುರಿಗೆ ಸೆರಗು ಹೊದ್ದು ಆಯಿ ಕೂತಿದ್ದಾಳೆಂದುಕೊಂಡು ನಿಧಾನವಾಗಿ ಓದಿದೆ.